ಹಾರಿದ್ದು ಹಳೇ ಮಂಡಿ

ಅಂಗಡಿಯ ಷಟರನ್ನು ಒಳಗಿನಿಂದ ಅರ್ಧ ಎತ್ತುವಷ್ಟರಲ್ಲಿ ಹೊರಗೆ ಎರಡು ಪಾದಗಳು ಕಂಡವು. ಒಂದು ನೆಟ್ಟಗೆ, ಇನ್ನೊಂದು ಯಾರ ಮೇಲೋ ಮುನಿಸಿಕೊಂಡ ಹಾಗೆ ಕೊಂಚ ಹೊರಕ್ಕೆ ತಿರುಗಿ. ಭೂಮಂಡಲದ ಅಷ್ಟೂ ಪಾದಗಳನ್ನು ಸಾಲಾಗಿ ನಿಲ್ಲಿಸಿದರೂ ಇವೆರಡನ್ನು ಅವನು ಕಣ್ಣು ಕಟ್ಟಿಕೊಂಡೇ ಹೆಕ್ಕಿ ತೆಗೆಯುತ್ತಿದ್ದ. ಹೆಂಡತಿಯ ತಾಯಿ. ಷಟರನ್ನು ಮತ್ತೆ ಇಳಿಸಿಬಿಟ್ಟರೆ ಹೇಗೆ ಎಂಬ ಯೋಚನೆ ತಲೆಗೆ ಬರುವ ಮೊದಲೇ ಕೈಗೆ ಬಂದು, ಷಟರು ಅರ್ಧ ಅಂಗುಲ ಇಳಿದೂ ಇತ್ತು. "ಇಳಿಸಿ ಅಳಿಯಂದ್ರೇ, ಇಳಿಸಿ. ಹೇಗೂ ನಾಳೆ ಆಸ್ಪತ್ರೇಲಿ ಕತ್ತರಿಸ್ತಾರೆ, ಇವತ್ತು ನಿಮ್ಮ ಕೈಯಿಂದ್ಲೇ ಆಗಿಹೋಗ್ಲಿ" ಎಂದು ಪಾದಗಳು ಮಾತಾಡಿದವು. ಅವನು ಷಟರನ್ನು ಎಷ್ಟು ಜೋರಾಗಿ ಮೇಲಕ್ಕೆ ತಳ್ಳಿದನೆಂದರೆ ಎದುರುಸಾಲಿನ ತಂತಿಯ ಮೇಲಿದ್ದ ಪಾರಿವಾಳಗಳು ಆ ದಿನವಿಡೀ ಮತ್ತೆ ಆ ತಂತಿಗೆ ಮರಳಲಿಲ್ಲ.

ಅತ್ತೆ ಒಳಗೆ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ಕೂತದ್ದೆಂದರೆ ಅಂತಿಂಥ ಕೂರುವುದಲ್ಲ. ಸರ್ಕಾರಗಳು ಬಿದ್ದು ಎದ್ದರೂ ತಾನು ಏಳುವುದಿಲ್ಲ ಎಂಬಂತೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನೋಯುವ ಕಾಲನ್ನು ಬಾಗಿಲಿಗೆ ಅಡ್ಡವಾಗಿ ಚಾಚಿದರು.

"ನಾಳೆ ಬೆಳಿಗ್ಗೆ ಹಳೇ ಮಂಡಿ ತೆಗೆದು ಹೊಸದು ಹಾಕ್ತಾರೆ. ಅಷ್ಟರೊಳಗೆ ನನ್ನ ಫೋನಿನಲ್ಲಿರೋ ವಿಡಿಯೋ ತೆಗೆದುಕೊಡಿ."

"ಅತ್ತೆ, ನಾನಾವತ್ತೇ ಹೇಳಿದ್ನಲ್ಲ, ಅದು ಎನ್‌ಕ್ರಿಪ್ಷನ್ನು..."

"ಗೊತ್ತು. ಆ ಪದ ನಿಮ್ಮ ಬಾಯಲ್ಲಿ ಕೇಳಿ ಕೇಳಿ ನನಗೆ ಕನಸಲ್ಲೂ ಬರತ್ತೆ. ಹಾರಿದ್ದು ಹಳೇ ಮಂಡಿ. ಅದು ನನ್ನ ಮೈಮೇಲೆ ಇರೋವಾಗ್ಲೇ ಅದು ಹಾರಿದ್ದನ್ನ ನೋಡ್ಬೇಕು. ನೋಡ್ದೇ ನಾನು ಈ ಸ್ಟೂಲಿಂದ ಏಳಲ್ಲ."

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಡಾಕ್ಟ್ರು ಎನ್ನುತ್ತಿದ್ದರು. ಹಾಗೆಂದು ಮೊದಲು ಕರೆದುಕೊಂಡವನು ತಾನೇ ಎಂಬುದು ಈಗ ಅವನಿಗೂ ಮರೆತುಹೋಗಿತ್ತು. ಲಾರಿಯ ಚಕ್ರದಡಿ ಚಪ್ಪಟೆಯಾದ ಫೋನು, ಸಿಮೆಂಟಿನಲ್ಲಿ ಹೂತುಹೋಗಿ ಗೋಡೆಯಾಗಿದ್ದ ಫೋನು, ಮೀನಿನ ಹೊಟ್ಟೆ ಸೇರಿ ವಾಪಸು ಬಂದ ಫೋನು, ಎಲ್ಲವೂ ಈ ಮೇಜಿನ ಮೇಲೆ ಎದ್ದು ಕೂತು ಮಾತಾಡಿದ್ದವು. ಹೇಳಿದಾಗಲೆಲ್ಲ ಆ ಮೀನು ಒಂದೊಂದು ಗೇಣು ಬೆಳೆಯುತ್ತ ಬಂದು ಈಗ ಅಂಗಡಿಯೊಳಗೆ ಹಿಡಿಸುತ್ತಿರಲಿಲ್ಲ. ಅಂಥವನು ಹುಟ್ಟಿದ ಮೇಲೆ ಒಂದೇ ಒಂದು ಫೋನಿಗೆ "ನನ್ನ ಕೈಲಾಗಲ್ಲ" ಎಂದಿದ್ದ, ಅತ್ತೆಯ ಫೋನಿಗೆ. ಹೇಳಿದ ಕಾರಣದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಅದರ ಸೊಗಸು. ಮುಂಚೆ ಫೋನು ಸತ್ತರೆ ನೆನಪಿನ ಚಿಪ್ಪನ್ನು ಕಿತ್ತು ಯಂತ್ರಕ್ಕೆ ಕೂರಿಸಿದರೆ ಸಾಕು, ಒಳಗಿದ್ದ ಫೋಟೋ, ಮಾತು, ಗುಟ್ಟು ಎಲ್ಲ ಮೂಟೆಯ ಬಾಯಿ ಬಿಚ್ಚಿದ ಹಾಗೆ ಸುರಿಯುತ್ತಿದ್ದವು. ಈಗ ಹಾಗಿಲ್ಲ. ಈಗ ಫೋನು ತನ್ನೊಳಗಿಟ್ಟುಕೊಳ್ಳುವುದನ್ನೆಲ್ಲ ಕಲಸಿ, ಗುರುತು ಸಿಗದಂತೆ ಮಾಡಿ ಇಟ್ಟುಕೊಳ್ಳುತ್ತದೆ. ಬಿಡಿಸುವ ಬೀಗದ ಕೈ ಅರ್ಧ ಫೋನಿನೊಳಗಿನ ಅದೇ ಬೋರ್ಡಿನ ಇನ್ನೊಂದು ಚಿಪ್ಪಿನ ಹೊಟ್ಟೆಯಲ್ಲಿ, ಇನ್ನರ್ಧ ಮಾಲೀಕರ ತಲೆಯಲ್ಲಿರುವ ನಂಬರಿನಲ್ಲಿ. ಚಿಪ್ಪು ಕಿತ್ತು ಬೇರೆ ಬೋರ್ಡಿಗೆ ಹಾಕಿದರೆ ಸಿಗುವುದು ಬರೀ ಮರಳು. ಎದ್ದರೆ ಆ ಬೋರ್ಡೇ ಏಳಬೇಕು, ಸತ್ತರೆ ಎಲ್ಲ ಸತ್ತ ಹಾಗೆ. ಇಷ್ಟನ್ನೂ ಅವನು ಅತ್ತೆಗೆ ಕೈ ಬೀಸಿ ಬೀಸಿ ವಿವರಿಸಿದ್ದ. ಒಂದು ಸಣ್ಣ ಸಂಗತಿಯನ್ನು ಮಾತ್ರ ವಿವರಿಸಿರಲಿಲ್ಲ: ಅತ್ತೆಯ ಬೋರ್ಡು ಸತ್ತಿರಲಿಲ್ಲ, ಮೂರ್ಛೆ ಹೋಗಿತ್ತು ಅಷ್ಟೆ. ಸಕ್ಕರೆಯ ಹರಳಿನ ಕಾಲು ಭಾಗದಷ್ಟಿರುವ ಒಂದು ಕೆಪಾಸಿಟರ್ ಕೆಟ್ಟು ವಿದ್ಯುತ್ತನ್ನೆಲ್ಲ ತಾನೇ ಕುಡಿದುಬಿಡುತ್ತಿತ್ತು. ಅದನ್ನು ಕಿತ್ತೆಸೆದರೆ ಸಾಕಿತ್ತು. ಅವನು ಅದನ್ನು ಮೊದಲ ವಾರವೇ ಪತ್ತೆ ಹಚ್ಚಿ, ಮುಟ್ಟದೆ, ಫೋನನ್ನು ಎಣ್ಣೆಗಾಗದದಲ್ಲಿ ಸುತ್ತಿ ಕೆಳಗಿನ ಡ್ರಾಯರಿನಲ್ಲಿ ಮಲಗಿಸಿದ್ದ.

ಈಗ ಆ ಡ್ರಾಯರು ಎಳೆದರೆ ಬರಲೊಲ್ಲದು. ಅವನ ಇನ್ನೊಂದು ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಆವತ್ತು ಹಾರುಹಲಗೆಯ ಮೇಲೆ ಹೀಗೇ ಹಿಡಿದಿದ್ದ ಕಬ್ಬಿಣದ ಕಂಬಿ ತಣ್ಣಗಿತ್ತು, ಒದ್ದೆಯಾಗಿತ್ತು, ಕೆಳಗೆ ಈಜುಕೊಳ ಯಾರೋ ಬೀಳಿಸಿಕೊಂಡು ಹೋದ ನೀಲಿ ಕರವಸ್ತ್ರದಷ್ಟಿತ್ತು. ಆ ಹಾರುಹಲಗೆಯ ಎತ್ತರ ಎಷ್ಟೆಂದರೆ ಮೋಡಗಳು ಬಗ್ಗಿ ಹೋಗಬೇಕಿತ್ತು. ಮದುವೆಯಾದಂದಿನಿಂದ ಹೆಂಡತಿಯ ಮುಂದೆ ತಾನು ಹುಡುಗನಾಗಿದ್ದಾಗ ಮೂರು ಮಹಡಿಯ ಎತ್ತರದಿಂದ ತಲೆಕೆಳಗಾಗಿ ಧುಮುಕುತ್ತಿದ್ದೆ ಎಂದು ಕೊಚ್ಚಿಕೊಂಡವನಿಗೆ, ಆ ಬೇಸಿಗೆಯ ಮಧ್ಯಾಹ್ನ ಹೆಂಡತಿ "ಸರಿ, ಹಾರಿ, ನೋಡೋಣ" ಎಂದುಬಿಟ್ಟಿದ್ದಳು. ಅಮ್ಮನ ಹೊಸ ಫೋನು ಹಿಡಿದು ಕೊಳದ ದಂಡೆಯಲ್ಲಿ ನಿಂತೂಬಿಟ್ಟಿದ್ದಳು. ಅವನು ಹತ್ತಿದ. ಕೈ ಬೀಸುತ್ತ ಹತ್ತಿದ, ಹಲಗೆಯ ತುದಿಯವರೆಗೆ ಹೋದ, ಕೆಳಗೆ ನೋಡಿದ. ಆಮೇಲೆ ಏನಾಯಿತೆಂದು ಅವನಿಗೆ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಅವನು ನಾಲ್ಕು ಕಾಲಿನ ಪ್ರಾಣಿಯಾಗಿ ಕಂಬಿಯನ್ನು ತಬ್ಬಿಕೊಂಡಿದ್ದ ಮತ್ತು ಅವನ ಬಾಯಿಂದ ಒಂದು ಕೂಗು ಹೊರಟಿತ್ತು. ಜನ ಅಮ್ಮಾ ಅಂತ ಕೂಗುತ್ತಾರೆ, ಅಪ್ಪಾ ಅಂತ ಕೂಗುತ್ತಾರೆ, ದೇವರೇ ಅಂತ ಕೂಗುತ್ತಾರೆ. ಮನುಷ್ಯ ಕುಲದಲ್ಲೇ ಮೊದಲ ಬಾರಿಗೆ ಅವನು "ಅತ್ತೇ..." ಎಂದು ಕೂಗಿದ್ದ. ಕೊನೆಗೂ ಮೇಜಿನ ಡ್ರಾಯರು ಬಂತು.

"ಅಲ್ಲೇ ಇತ್ತಲ್ಲ" ಎಂದರು ಅತ್ತೆ, ಎಣ್ಣೆಗಾಗದ ನೋಡಿ. "ಪಾಪ, ಬೆಚ್ಚಗೆ ಮಲಗಿಸಿದೀರಿ."

ಅವರು ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ಇಡೀ ಊರಿನ ಜಗಳ, ಸಾಲ, ಪ್ರೇಮ, ಕಳ್ಳತನ ಹಾದುಹೋಗುತ್ತಿದ್ದವು. ಒಮ್ಮೆ ಅವನು ಈಗಿನ ಫೋನುಗಳ ಬೀಗದ ಬಗ್ಗೆ ಭಾಷಣ ಬಿಗಿಯುತ್ತಿದ್ದಾಗ "ಆಗಲೂ ಬೀಗ ಇತ್ತು ಅಳಿಯಂದ್ರೇ, ನಮ್ಮ ಬಾಯಿಗೆ ಹಾಕಿದ್ರು" ಎಂದಿದ್ದರು. ಅದು ನೆನಪಾದಾಗಲೆಲ್ಲ ಅವನಿಗೆ ಕಿವಿ ಬಿಸಿಯಾಗುತ್ತಿತ್ತು. ಯಾಕೆಂದರೆ ಈಜುಕೊಳದ ಮುಂದಿನ ವಾರವೇ ಪಕ್ಕದ ಅಂಗಡಿಯ ಟೈಲರಿಗೆ ಅವನು ಆ ಜಿಗಿತದ ಕಥೆ ಹೇಳಿದ್ದ: ಹತ್ತಿದ್ದು, ಕೈ ಚಾಚಿದ್ದು, ಗಾಳಿಯಲ್ಲಿ ಎರಡು ಪಲ್ಟಿ, ನೀರು ಒಂದು ಹನಿ ಚಿಮ್ಮಲಿಲ್ಲ. ಎಲ್ಲ ಸರಿಯೇ, ಹಾರಿದವರ ಹೆಸರು ಮಾತ್ರ ಕೊಂಚ ಬದಲಾಗಿತ್ತು. ಹೇಳಿ ಮುಗಿಸಿ ತಿರುಗಿದರೆ ಇದೇ ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ಯಾವಾಗ ಬಂದಿದ್ದರೋ. ಟೈಲರು "ಏನಮ್ಮಾ, ನಿಮ್ಮ ಅಳಿಯ ಹಕ್ಕಿಯಂತೆ?" ಎಂದದ್ದಕ್ಕೆ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು "ಹೌದಪ್ಪ, ರೆಕ್ಕೆ ಒಂದು ಇರ್ಲಿಲ್ಲ" ಎಂದಿದ್ದರು. ಅಷ್ಟೇ. ಬೈದಿದ್ದರೆ ಅವನು ಆ ರಾತ್ರಿ ಸುಖವಾಗಿ ನಿದ್ದೆ ಮಾಡುತ್ತಿದ್ದ. ಫೋನು ಡ್ರಾಯರಿಗೆ ಹೋದದ್ದು ಆ ಮರುದಿನ.

ಕೆಡಿಸಿಬಿಟ್ಟರೆ? ಬೋರ್ಡನ್ನು ಕ್ಲಿಪ್ಪಿಗೆ ಸಿಕ್ಕಿಸುವಾಗ ಆ ಯೋಚನೆ ಬಂತು. ಬಿಸಿಗಾಳಿಯನ್ನು ತಪ್ಪು ಚಿಪ್ಪಿನ ಮೇಲೆ ಎರಡು ಉಸಿರಿನ ಹೊತ್ತು ಹೆಚ್ಚಿಗೆ ಹಿಡಿದರೆ ಮುಗಿಯಿತು. ಲೋಕದ ಯಾವ ಪಂಡಿತನೂ ಬೆರಳು ತೋರಿಸಲಾರ. ಅತ್ತೆಯ ಜೊತೆ ಅವನೂ ನಿಟ್ಟುಸಿರು ಬಿಡಬಹುದು. ಆದರೆ ಅಷ್ಟರಲ್ಲಿ ಟೈಲರು ಕೊರಳಿಗೆ ಟೇಪು ನೇತುಹಾಕಿಕೊಂಡು ಇಣುಕಿದ. ಪಾರ್ಸೆಲ್ ಹಂಚುವ ಹೆಂಗಸು ತನ್ನ ಒಡೆದ ಫೋನು ಹಿಡಿದು ಬಂದವಳು ಅಲ್ಲೇ ನಿಂತಳು.

"ಏನ್ ಡಾಕ್ಟ್ರೇ, ಸ್ವಂತ ಅತ್ತೆಗೇ ಆಪರೇಷನ್ನಾ?"

"ನಾಳೆ ನನಗೆ, ಇವತ್ತು ನನ್ನ ಫೋನಿಗೆ. ಆದ್ರೆ ಇವ್ರ ಕೈಲಿ ಆಗಲ್ವಂತೆ" ಎಂದರು ಅತ್ತೆ.

"ಆಗಲ್ವಾ? ಇವ್ನ ಕೈಲಿ?" ಟೈಲರನ ಹುಬ್ಬು ಹಣೆಯನ್ನೂ ದಾಟಿ ತಲೆಗೂದಲಿಗೆ ಸೇರಿತು. "ಮೀನಿನ ಹೊಟ್ಟೆಯಿಂದ ತೆಗೆದೋನು ಕಣಮ್ಮಾ ಇವ್ನು!"

ಅವನಿಗೆ ಆ ಪದ ಚುಚ್ಚಿತು. ಆಗಲ್ಲ. ಬೀದಿಯ ಎದುರು, ಹಗಲು ಹೊತ್ತಿನಲ್ಲಿ, ತನ್ನ ಅಂಗಡಿಯ ನಾಮಫಲಕದ ಕೆಳಗೇ ಯಾರೋ ಆಗಲ್ಲ ಎನ್ನುತ್ತಿದ್ದಾರೆ. ಸುಮ್ಮನಿರು, ಸುಮ್ಮನಿರು ಎಂದು ಒಳಗೆ ಯಾರೋ ಬೇಡಿಕೊಳ್ಳುತ್ತಿರುವಾಗಲೇ ಅವನ ಬಾಯಿ "ಆಗಲ್ಲ ಅಂದೋರ್ಯಾರು? ನೋಡ್ತಾ ಇರಿ" ಎಂದುಬಿಟ್ಟಿತ್ತು. ಅಷ್ಟೇ ಬೇಕಾಗಿದ್ದದ್ದು. ಬೆನ್ನು ನೆಟ್ಟಗಾಯಿತು. ಬಿಸಿ ಸಲಾಕೆಯ ತುದಿಯನ್ನು ರಾಳದ ತುಂಡಿಗೆ ತಾಗಿಸಿ ಬಿಳಿ ಹೊಗೆ ಎಬ್ಬಿಸಿದ, ಆ ಹೊಗೆಯಲ್ಲಿ ಬೋರ್ಡನ್ನು ಆಡಿಸಿದ. ಬೋರ್ಡಿನ ಮೇಲೆಲ್ಲ ಮಂಜು ಕೂತಿತು. "ಈಗ ಕರೆಂಟ್ ಬಿಡ್ತೀನಿ. ಎಲ್ಲಿ ಕೆಟ್ಟಿದೆಯೋ ಅಲ್ಲಿ ಕಾಯತ್ತೆ, ಅಲ್ಲಿಯ ಮಂಜು ಮಾತ್ರ ಕರಗತ್ತೆ. ಕಣ್ಣು ಮಿಟುಕಿಸಬೇಡಿ!" ಯಾರೂ ಮಿಟುಕಿಸಲಿಲ್ಲ. ಎಲ್ಲಿ ಕರಗುತ್ತದೆಂದು ಅವನಿಗೆ ಯಾವತ್ತಿನಿಂದಲೋ ಗೊತ್ತಿತ್ತು, ಆದರೂ ಹೊಸದಾಗಿ ಕಂಡವನಂತೆ "ಆಹಾ!" ಎಂದು ಕೂಗಿ, ಚಿಮಟದಲ್ಲಿ ಆ ಧೂಳಿನ ಕಣವನ್ನು ಎತ್ತಿ ತೋರಿಸಿದಾಗ ಪಾರ್ಸೆಲ್ಲಿನವಳು ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆ ಅವನ ನೆತ್ತಿಗೇರಿತು. ಗುಂಡಿ ಒತ್ತಿದ. ಮೀಟರಿನ ಮುಳ್ಳು ಒಮ್ಮೆ ನಡುಗಿತು, ಸುಮ್ಮನಾಯಿತು, ಮತ್ತೆ ಎದ್ದು ಕುಡಿದವನಂತೆ ಓಲಾಡುತ್ತ ಮೇಲೆ ಮೇಲೆ ಹತ್ತತೊಡಗಿತು. ಜೀವ ಬಂದಿತ್ತು! ಅವನು ಮೇಜಿಗೆ ಗುದ್ದಿ, ಟೈಲರನ್ನು ತಬ್ಬಿಕೊಂಡು, ಎರಡು ಸುತ್ತು ತಿರುಗಿಸಿ ಬಿಟ್ಟ. ತಿರುಗುತ್ತಿರುವಾಗಲೇ ತಾನು ಮಾಡಿಕೊಂಡದ್ದೇನೆಂದು ಹೊಳೆಯಿತು. ನಗು ಮಾತ್ರ ನಿಲ್ಲಲಿಲ್ಲ, ಮುಖದ ಮೇಲೆ ಯಾರೋ ಹೊಲಿದು ಹೋದ ಹಾಗೆ ಅಲ್ಲೇ ಉಳಿಯಿತು.

ಪರೀಕ್ಷೆಗೆಂದು ಅಂಗಡಿಯಲ್ಲಿ ಇಟ್ಟುಕೊಂಡಿದ್ದ ಅಗ್ಗದ ಟಚ್‌ಸ್ಕ್ರೀನ್ ಗಾಜೊಂದನ್ನು ಅಭ್ಯಾಸಬಲದಿಂದ ಬೋರ್ಡಿಗೆ ಸಿಕ್ಕಿಸಿದ. ಬೆಳಕು ಬಂತು, ಅತ್ತೆಯ ಫೋನು ನಂಬರ್ ಕೇಳಿತು. ಅತ್ತೆ ಕೈಚೀಲದಿಂದ ಬೆರಳು ಬಿಡಿಸಿಕೊಳ್ಳುವ ಮೊದಲೇ ಗಾಜಿನ ಮೇಲೆ ಮೂರರ ಗುಂಡಿ ಮಿನುಗಿತು. ಆಮೇಲೆ ಒಂಬತ್ತು. ಮತ್ತೆ ಒಂಬತ್ತು, ಸೊನ್ನೆ. ಯಾರೂ ಮುಟ್ಟಿರಲಿಲ್ಲ. ತಪ್ಪು ಎಂದಿತು ಫೋನು. ಮತ್ತೆ ಒತ್ತಿಕೊಂಡಿತು. ತಪ್ಪು.

"ಇದೇನಿದು, ಅದೇ ಒತ್ಕೊಳ್ತಿದೆಯಲ್ಲ?"

"ಗಾಜು ಕಳಪೆ ಅತ್ತೆ. ಕೆಲವು ಹೀಗೇ, ಯಾರೂ ಮುಟ್ಟದಿದ್ರೂ ಮುಟ್ಟಿದ್ರು ಅಂದ್ಕೊಳ್ಳತ್ತೆ."

"ನಿಮ್ಮ ಹಾಗೇ. ಗೊತ್ತಿಲ್ದಿದ್ರೂ ಬಾಯಿ ಹಾಕತ್ತೆ."

ಟೈಲರು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನೂ ನಕ್ಕ. ಗಾಜನ್ನು ಬೋರ್ಡಿಗೆ ಸೇರಿಸಿದ್ದ ತಂತಿಪಟ್ಟಿ ಅವನ ಹೆಬ್ಬೆರಳಿನಿಂದ ಒಂದು ಅಂಗುಲ ದೂರದಲ್ಲಿತ್ತು, ಉಗುರಿನಿಂದ ಮೀಟಿದರೆ ಕಳಚುತ್ತಿತ್ತು. ಹೆಬ್ಬೆರಳು ಕದಲಲಿಲ್ಲ. ಫೋನು ಅರ್ಧ ನಿಮಿಷ ಸುಮ್ಮನಿರು ಎಂದು ತನಗೆ ತಾನೇ ಗದರಿಕೊಂಡು, ಅರ್ಧ ನಿಮಿಷ ಕಳೆದು ಮತ್ತೆ ಶುರುಮಾಡಿತು. ಇನ್ನೂ ಕೆಲವು ಸಲ ತಪ್ಪಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಬಂತು. ಅವನ ತಲೆ ಗಿರ್ರೆಂದಿತು. ಆದರೆ ಸಂಕಟದಿಂದಲ್ಲ, ಯಾರೋ ಕಂಕುಳಲ್ಲಿ ಕಚಗುಳಿ ಇಟ್ಟ ಹಾಗೆ. ಇಷ್ಟು ಚೊಕ್ಕವಾಗಿ ಪಾರಾಗುವ ದಾರಿಯನ್ನು ಅವನೇ ಕೂತು ಹೊಸೆದಿದ್ದರೂ ಹೊಸೆಯಲಾಗುತ್ತಿರಲಿಲ್ಲ. ಕೈ ಅವನದಲ್ಲ, ಬೆರಳು ಅವನದಲ್ಲ, ತಪ್ಪೂ ಅವನದಲ್ಲ. ಆವತ್ತು ಕೊಳದ ದಂಡೆಯಲ್ಲಿ ಜನ ಮೇಲೆ ನೋಡುತ್ತಿದ್ದರು, ಕಾವಲಿನವನು ಸೀಟಿ ಊದುತ್ತಿದ್ದ, ಏಣಿಯ ಮೇಲೆ ಏದುಸಿರು ಕೇಳಿಸಿ ಅತ್ತೆಯ ತಲೆ ಕಂಡಿತ್ತು. ಆ ಮಂಡಿ ಹೊತ್ತುಕೊಂಡು ಅಷ್ಟೂ ಮೆಟ್ಟಿಲು. ಯಾವತ್ತೂ ನೀವು ತಾವು ಬಿಟ್ಟು ಮಾತಾಡದವರು "ಬಾರೋ ಮಗಾ, ನನ್ನ ಮುಖ ಮಾತ್ರ ನೋಡ್ತಾ ಇಳಿ" ಎಂದಿದ್ದರು. ಅವನು ನಾಲ್ಕು ಕಾಲಲ್ಲಿ ಅವರನ್ನು ದಾಟಿ, ಏಣಿ ಹಿಡಿದು, ತಿರುಗಿಯೂ ನೋಡದೆ ಇಳಿದಿದ್ದ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎಂಬುದು ಅವನಿಗೆ ಆಮೇಲೆ ಗೊತ್ತಾದದ್ದು. ಮೇಲೆ ಉಳಿದ ಅತ್ತೆ ಏಣಿಯನ್ನು ನೋಡಿದರು, ನೀರನ್ನು ನೋಡಿದರು. ಅವನು ಆಗ ಕೊನೆಯ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡು ಅಳುತ್ತಿದ್ದ. ಜಿಗಿತವನ್ನು ಅವನೂ ನೋಡಿರಲಿಲ್ಲ, ಬರೀ ಸದ್ದು ಕೇಳಿದ್ದ.

"ಹೀಗೇ ಒತ್ತಿಕೊಳ್ತಾ ಹೋದ್ರೆ ಏನಾಗತ್ತೆ?" ಅತ್ತೆಯ ದನಿ ಸಣ್ಣದಾಗಿತ್ತು.

"ಬೀಗದ ಕೈಯನ್ನ ಅದೇ ನುಂಗಿಬಿಡತ್ತೆ. ಆಮೇಲೆ ಬ್ರಹ್ಮ ಬಂದ್ರೂ ಆಗಲ್ಲ."

"ಹೋಗ್ಲಿ ಬಿಡಿ ಹಾಗಾದ್ರೆ" ಎಂದು ಅತ್ತೆ ಮಂಡಿಯ ಮೇಲೆ ಅಂಗೈ ಇಟ್ಟುಕೊಂಡರು. "ನಿಮ್ಮದೇನೂ ನೋಡೋಕಲ್ಲ ನಾನು ಕೇಳಿದ್ದು. ಹಲಗೆ ಬಿಟ್ಟ ಮೇಲೆ ನಾನು ಕಣ್ಣು ಮುಚ್ಕೊಂಡುಬಿಟ್ಟಿದ್ದೆ. ಅಷ್ಟೆತ್ತರದಿಂದ ಹಾರಿದ್ದು ನಾನೇ, ನೋಡ್ದೇ ಇದ್ದೋಳೂ ನಾನೇ. ಒಂದ್ಸಲ ನೋಡೋಣ ಅಂತ ಆಸೆ ಇತ್ತು, ಅಷ್ಟೆ."

ನಿಮ್ಮದೇನೂ ನೋಡೋಕಲ್ಲ. ಇಷ್ಟು ಕಾಲ ಆ ಫೋನಿನೊಳಗೆ ತಾನೊಬ್ಬನೇ ಪರ್ವತದಷ್ಟು ದೊಡ್ಡದಾಗಿ ಕೂತು ಅಳುತ್ತಿದ್ದೇನೆಂದು ಅವನು ತಿಳಿದಿದ್ದ. ಅತ್ತೆಯ ಲೆಕ್ಕದಲ್ಲಿ ತಾನು ಅದರೊಳಗೆ ಇರಲೇ ಇಲ್ಲ. ಅಂಥ ಅವಮಾನ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ, ಮೈಯೆಲ್ಲ ಹಗುರವಾಗಿಬಿಟ್ಟಿತು. ಗಾಜಿನ ಮೇಲೆ ಎಂಟು ಮಿನುಗಿತು, ಒಂದು ಮಿನುಗಿತು. ಹೆಬ್ಬೆರಳು ತನ್ನಷ್ಟಕ್ಕೆ ಮುಂದೆ ಹೋಗಿ ತಂತಿಪಟ್ಟಿಯನ್ನು ಪಟ್ಟೆಂದು ಮೀಟಿತು. ಕತ್ತಲಾಯಿತು.

"ಸತ್ತೇಹೋಯ್ತಾ?" ಎಂದ ಟೈಲರು.

"ಬಾಯಿ ಮುಚ್ಚಯ್ಯಾ" ಎಂದು ಅವನು ತನ್ನ ಸ್ವಂತ ಫೋನನ್ನು ಜೇಬಿನಿಂದ ಎಳೆದ. ಹೆಂಡತಿ ಅತ್ತೆಗೂ ಅವನಿಗೂ ಒಂದೇ ಬಗೆಯದು ಕೊಡಿಸಿದ್ದಳು. ಅದರ ಬೆನ್ನು ಬಿಚ್ಚಿ, ಒಳಗಿನ ಬೋರ್ಡನ್ನು ಕಿತ್ತು ಪಕ್ಕಕ್ಕೆಸೆದು, ಅತ್ತೆಯ ಬೋರ್ಡನ್ನು ಅಲ್ಲಿ ಮಲಗಿಸಿದ. ಕೈ ತಿರುಪು ಬಿಗಿಯುತ್ತಿತ್ತು, ಬಾಯಿ "ಇಂಥ ಶಸ್ತ್ರಚಿಕಿತ್ಸೆ ಜಗತ್ತಿನಲ್ಲಿ ಮೂರು ಜನಕ್ಕೆ ಬರತ್ತೆ, ಅದ್ರಲ್ಲಿ ಇಬ್ರು ರಿಟೈರಾದ್ರು" ಎಂದು ಹರಟುತ್ತಲೇ ಇತ್ತು. ಬೆಳಕು ಬಂತು. ನಂಬರ್ ಕೇಳಿತು. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಯಾವ ಗುಂಡಿಯೂ ತಾನಾಗಿ ಮಿನುಗಲಿಲ್ಲ.

"ಎಲ್ರೂ ಆ ಕಡೆ ತಿರುಗಿ" ಎಂದರು ಅತ್ತೆ. ಟೈಲರು ತಿರುಗಿದ, ಪಾರ್ಸೆಲ್ಲಿನವಳು ತಿರುಗಿದಳು, ಅವನೂ ಗೋಡೆಗೆ ಮುಖ ಮಾಡಿ ನಿಂತ. ಬೆನ್ನ ಹಿಂದೆ ಹಳೆಯ ಆಪರೇಟರಮ್ಮನ ಬೆರಳುಗಳು ಟಪಟಪನೆ ಓಡಿದವು. ಗೋಡೆಯ ಸುಣ್ಣದಲ್ಲಿ ಒಂದು ಬಿರುಕಿತ್ತು, ಅದರೊಳಗೊಂದು ಇರುವೆ ಅತ್ತ ಹೋಗಲೋ ಇತ್ತ ಹೋಗಲೋ ಎನ್ನುತ್ತಿತ್ತು. ಈಗಲೂ ಓಡಿಹೋಗಬಹುದು ಎಂದುಕೊಂಡ. ಬಾಗಿಲಿಗೆ ಅತ್ತೆಯ ಕಾಲು ಅಡ್ಡ ಇತ್ತು.

"ಸಿಕ್ತು" ಎಂದರು ಅತ್ತೆ. ಎಲ್ಲ ಮುತ್ತಿಕೊಂಡರು.

ವಿಡಿಯೋದಲ್ಲಿ ಮೊದಲು ಅವನೇ ಬಂದ. ಹಲಗೆಯ ಮೇಲೆ ಇಷ್ಟೇ ಇಷ್ಟು, ಕೈ ಬೀಸುತ್ತಿದ್ದವನು, ಆಮೇಲೆ ಬೀಸದವನು, ಆಮೇಲೆ ಕಂಬಿಗೆ ಅಂಟಿಕೊಂಡ ಒಂದು ಒದ್ದೆ ಬಟ್ಟೆ. ಕೂಗು ಕೇಳಿಸಿತು. ಟೈಲರು ಫೋನಿಂದ ಅವನ ಮುಖಕ್ಕೆ, ಮುಖದಿಂದ ಫೋನಿಗೆ ನೋಡಿದ. "ಡಾಕ್ಟ್ರೇ... ಹಾರಿದ್ದು ನೀನಲ್ವಾ?" ಪರದೆಯಲ್ಲಿ ಒಂದು ಪುಟ್ಟ ಬೊಂಬೆ ಏಣಿ ಹತ್ತುತ್ತಿತ್ತು, ನಿಲ್ಲುತ್ತಿತ್ತು, ಹತ್ತುತ್ತಿತ್ತು. "ಇವ್ರು ಹತ್ತದೇ ಇದ್ದಿದ್ರೆ ನಾನ್ಯಾಕೆ ಹತ್ತುತ್ತಿದ್ದೆ?" ಎಂದರು ಅತ್ತೆ ಪರದೆಯಿಂದ ಕಣ್ಣು ಕೀಳದೆ. "ಸುಮ್ನೆ ನೋಡಪ್ಪ. ಈಗ ಬರೋದು ನಾನು."

ಬೊಂಬೆ ಹಲಗೆಯ ತುದಿಯಲ್ಲಿ ನಿಂತಿತು. ಕೈಯಿಂದ ಮೂಗು ಹಿಡಿದುಕೊಂಡಿತು. ಒಂದು ಕ್ಷಣ ಹಲಗೆಯ ಮೇಲಿತ್ತು, ಮರುಕ್ಷಣ ಯಾವುದರ ಮೇಲೂ ಇರಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ಹೋ ಎಂದರು. ಪರದೆಯೊಳಗೆ ಹೆಂಡತಿ ಅಮ್ಮಾ ಎಂದು ಚೀರಿದಳು, ಆಕಾಶ, ಅಂಚಿನ ಕಲ್ಲು, ಅವಳ ಹೆಬ್ಬೆರಳು ಗಿರಗಿರನೆ ತಿರುಗಿದವು, ಆಮೇಲೆ ಸದ್ದೆಲ್ಲ ಅಡಗಿ ಬರೀ ನೀಲಿ. ಫೋನು ಅವಳ ಕೈಯಿಂದ ಕೊಳಕ್ಕೆ ಬಿದ್ದಿತ್ತು. ಬಿದ್ದು ತಳದಲ್ಲಿ ಅಂಗಾತ ಮಲಗಿ ನೋಡುತ್ತಿತ್ತು. ಮೇಲೆ ಬೆಳ್ಳಗೆ ಅಲುಗುತ್ತಿದ್ದ ಬೆಳಕನ್ನು ಎರಡು ಪಾದಗಳು ಸೀಳಿಕೊಂಡು ಬಂದವು. ಸುತ್ತ ಸಾವಿರ ಗುಳ್ಳೆ, ಲಕ್ಷ ಗುಳ್ಳೆ. ಗುಳ್ಳೆಗಳ ನಡುವೆ ಅತ್ತೆ ಇಳಿದರು, ಉಬ್ಬಿದ ಕೆನ್ನೆ, ಮೇಲಕ್ಕೆ ತೇಲುವ ಬಿಳಿ ಕೂದಲು, ಎರಡೂ ಮಂಡಿಗಳು ಯಾವ ನೋವೂ ಇಲ್ಲದೆ ಮಡಿಚಿ ಬಿಚ್ಚಿಕೊಂಡವು. ಕಣ್ಣು ಅಗಲವಾಗಿ ತೆರೆದಿತ್ತು.

"ಬಿಟ್ಟಿದ್ದೆ!" ಎಂದರು ಅತ್ತೆ. "ನೀರಲ್ಲಿ ಕಣ್ಣು ಬಿಟ್ಟಿದ್ದೆ ಕಣೋ ನಾನು!" ಮಂಡಿಯ ಮೇಲೆ ಛಟೀರನೆ ಹೊಡೆದುಕೊಂಡರು, ನೋವಿಗೆ ಹಾ ಎಂದರು, ಮತ್ತೆ ನಕ್ಕರು. "ಇನ್ನೊಂದ್ಸಲ ಹಾಕು. ಮೊದಲಿಂದ."

ಮೊದಲಿಂದ ಎಂದರೆ ಅವನಿಂದ. ಹಾಕಿದ. ಮತ್ತೆ ಹಾಕಿದ. ಎದುರು ಅಂಗಡಿಯವರು ಬಂದರು, ದಾರಿಯಲ್ಲಿ ಹೋಗುವವರು ಬಂದರು. ಅತ್ತೆಯ ಜಿಗಿತಕ್ಕೆ ತಲುಪಬೇಕಾದರೆ ಪ್ರತಿ ಸಲವೂ ಅವನ ಅಳುವನ್ನು ದಾಟಿಯೇ ಹೋಗಬೇಕಿತ್ತು, ಪ್ರತಿ ಸಲವೂ ನಗು ಒಂದು ಸುತ್ತು ದೊಡ್ಡದಾಗುತ್ತಿತ್ತು. ಮೊದಲೆರಡು ಸಲ ಅವನು ನೆಲ ನೋಡಿದ. ಮೂರನೆಯ ಸಲ ಒಂದು ಕಣ್ಣಲ್ಲಿ ಪರದೆ ನೋಡಿದ. ಕಂಬಿ ತಬ್ಬಿಕೊಂಡ ರೀತಿ ನಿಜಕ್ಕೂ ಸೊಗಸಾಗಿತ್ತು, ಹಾಗೆ ತಬ್ಬಿಕೊಳ್ಳಲು ಎಲ್ಲರಿಗೂ ಬರುವುದಿಲ್ಲ. ಆಮೇಲೆ ಅವನಿಗೆ ತಡೆಯಲಾಗಲಿಲ್ಲ. ಜನರನ್ನು ಸರಿಸಿ ಮುಂದೆ ಬಂದು "ಇಲ್ಲಿ ನೋಡಿ, ಈ ಕಾಲು ನೋಡಿ, ಇದು ನಡುಗಿದ್ದಕ್ಕೆ ಇಡೀ ಹಲಗೆ ನಡುಗ್ತಿದೆ! ಈ ಥರ ಹೆದರ್ಕೊಂಡೋನು ಈ ನೆಲದ ಮೇಲೆ ಇನ್ನೊಬ್ಬ ಹುಟ್ಟಿಲ್ಲ ಸ್ವಾಮಿ. ಈಗ ಕೂಗ್ತೀನಿ, ಕೇಳಿ, ಈ ಕೂಗಿಗೆ ಆವತ್ತು ನಾಲ್ಕು ಬೀದಿ ಆಚೆ ಬಸ್ಸು ನಿಂತುಹೋಯ್ತು, ಡ್ರೈವರ್ ಇಳಿದು ಬಂದು ಯಾರ ಅತ್ತೆ ಅಂತ ಕೇಳಿದ!" ಎಂದ.

"ಅತಿ ಮಾಡ್ಬೇಡಿ ಅಳಿಯಂದ್ರೇ" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಅಷ್ಟು ಜೋರಾಗೇನೂ ಕೂಗಿರ್ಲಿಲ್ಲ ನೀವು."

ಅವನಿಗೆ ರೋಷ ಉಕ್ಕಿ ಬಂತು.

"ಕೂಗಿದ್ದೆ ಅತ್ತೆ! ಬೇಕಾದ್ರೆ ಕೇಳಿಸ್ಕೊಳ್ಳಿ" ಎಂದು ಅವನು ವಾಲ್ಯೂಮನ್ನು ಅದರ ತುತ್ತತುದಿಗೆ ಏರಿಸಿ, ಫೋನನ್ನು ಎರಡೂ ಕೈ ಚಾಚಿ ಬೀದಿಯ ಕಡೆಗೆ ಹಿಡಿದ.